ಕರು ಬಿಟ್ಟು ಕರೆಯುವ ಹೈನುಗಾರಿಕೆ (ಒಂಟಿಕೊಪ್ಪಲ್, ಮೈಸೂರು)

ಒಂದೆರಡು ಹಸುಗಳನ್ನು ಅವುಗಳ ಕರುಗಳ ಜೊತೆಯಲ್ಲೇ ಕೊಟ್ಟಿಗೆಯಲ್ಲಿ ಸಾಕಿ, ಬೆಳಗ್ಗೆ ಸಂಜೆ ಮೊದಲು ಕರುವಿಗೆ ಊಡಿಸಿ ಆಮೇಲೆ ಹಾಲು ಕರೆದುಕೊಳ್ಳುವ ಪದ್ಧತಿ. ಹಳೆ ಮೈಸೂರು ಸೀಮೆಯಲ್ಲಿ ಇದಕ್ಕೆ ಪ್ರತ್ಯೇಕ ಹೆಸರಿರಲಿಲ್ಲ, ಹಸು ಸಾಕುವುದು ಎಂದರೆ ಇದೇ ಆಗಿತ್ತು. ಕರುವಿಲ್ಲದೆ ಹಾಲು ಕರೆಯುವ ರೂಢಿ ಬಂದಮೇಲಷ್ಟೇ ಇದನ್ನು ಬೇರೆಯಾಗಿ ಗುರುತಿಸಬೇಕಾಯಿತು. ಮೈಸೂರು ನಗರದ ವಾಯುವ್ಯ ಭಾಗದ ಒಂಟಿಕೊಪ್ಪಲು ಈ ಬದಲಾವಣೆಯನ್ನು ಹತ್ತಿರದಿಂದ ನೋಡಲು ತಕ್ಕ ಜಾಗ. ಹಳ್ಳಿಯ ದನಕರು, ಅರಮನೆಯ ಪ್ರಯೋಗ, ಆಹಾರ ವಿಜ್ಞಾನದ ದೊಡ್ಡ ಸಂಸ್ಥೆ, ಬೆಳಗಿನ ಹಾಲಿನ ಪ್ಯಾಕೆಟ್ಟು ನಾಲ್ಕೂ ಈ ಬಡಾವಣೆಯ ಬದುಕಿನೊಳಗೆ ಅಥವಾ ಅದೇ ನಗರದಲ್ಲಿ ಬಂದಿವೆ.

19ನೆಯ ಶತಮಾನದ ಕೊನೆಯಲ್ಲಿ ಮೈಸೂರಿಗೆ ಪ್ಲೇಗ್ ಬಡಿದಾಗ ಕೋಟೆ ಸುತ್ತಲಿನ ಇಕ್ಕಟ್ಟಾದ ಕೇರಿಗಳಿಂದ ಜನರನ್ನು ಹೊರಗೆ ತರುವ ಕೆಲಸ ಆರಂಭವಾಯಿತು. 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪನೆಯಾದ ಮೇಲೆ ಊರು ಹೊರಮೈಯಲ್ಲಿ ಬೆಳೆಯಿತು. ಒಂಟಿಕೊಪ್ಪಲು ಸೇರಿದ ವಾಣಿವಿಲಾಸ ಮೊಹಲ್ಲಾ, 1894ರಿಂದ 1902ರವರೆಗೆ ರಾಜಪ್ರತಿನಿಧಿಯಾಗಿ ಆಡಳಿತ ನಡೆಸಿದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಹೊತ್ತಿದೆ. ಮೈಸೂರಿನ ಈ ಕಾಲದ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ ಇರುತ್ತಿತ್ತು. ಅದರ ಉದ್ದೇಶ ನೈರ್ಮಲ್ಯ. ಆದರೆ ಹಿತ್ತಲಲ್ಲಿ ಹಸು ಕಟ್ಟಿದವರಿಗೆ ಅದು ದೊಡ್ಡ ಅನುಕೂಲವಾಯಿತು: ನಡುಮನೆ ದಾಟಿಸದೆ ಹಸುವನ್ನು ಹೊರಗೆ ಬಿಡಬಹುದು, ಹುಲ್ಲಿನ ಹೊರೆ ತರಬಹುದು, ಸಗಣಿ ಸಾಗಿಸಬಹುದು. ಪಕ್ಕದ ಪಡುವಾರಹಳ್ಳಿಯಂಥ ಹಳ್ಳಿಗಳೂ ನಗರದೊಳಗೆ ಸೇರುತ್ತ ಹೋದವು. ಹೀಗೆ ಸರ್ಕಾರಿ ನೌಕರರ, ಮೇಷ್ಟ್ರುಗಳ ಮನೆಗಳೂ ಒಕ್ಕಲು ಮಕ್ಕಳ ಕೊಟ್ಟಿಗೆಗಳೂ ಕೂಗಳತೆಯಲ್ಲಿ ಉಳಿದವು.

ಈ ಸೀಮೆಯ ಹಸು ಹಳ್ಳಿಕಾರ್. ಬೂದು ಬಣ್ಣ, ಹಿಂದಕ್ಕೆ ಬಾಗಿ ಏಳುವ ಉದ್ದನೆಯ ಕೊಂಬು, ಬಿಗಿಯಾದ ಮೈ. ಇದೇ ರಕ್ತದಿಂದ ಬೆಳೆದ ರಾಜಮನೆತನದ ಹಿಂಡು ಚಿಕ್ಕದೇವರಾಜ ಒಡೆಯರ (1672–1704) ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂಬ ಇಲಾಖೆಯಾಯಿತು. ಟಿಪ್ಪು ಅದನ್ನು 'ಅಮೃತ ಮಹಲ್' ಎಂದು ಕರೆದ. ಬ್ರಿಟಿಷರು ಖರ್ಚು ಉಳಿಸಲು 1860ರಲ್ಲಿ ಅದನ್ನು ಮುಚ್ಚಿ, ಫಿರಂಗಿ ಎಳೆಯುವ ಎತ್ತುಗಳಿಗೆ ಕೊರತೆಯಾದಾಗ 1866ರಲ್ಲಿ ಮತ್ತೆ ತೆರೆಯಬೇಕಾಯಿತು. ಈ ತಳಿಗಳ ಬೆಲೆ ಇದ್ದದ್ದು ಎತ್ತಿನಲ್ಲಿ. ಹಳ್ಳಿಕಾರ್ ಹಸು ಒಂದು ಸೂಲಿಗೆ ಕೊಡುವ ಹಾಲು ಸರಾಸರಿ 540 ಕಿಲೋ ಆಸುಪಾಸು. ಅಂದರೆ ದಿನಕ್ಕೆ ಒಂದೆರಡು ಲೀಟರು. ಹೋರಿಗರು ಚೆನ್ನಾಗಿ ಬೆಳೆದರೆ ಜಾತ್ರೆಯಲ್ಲಿ ತರುವ ಹಣದ ಮುಂದೆ ಈ ಹಾಲಿನ ಲೆಕ್ಕ ಸಣ್ಣದು. ಆದ್ದರಿಂದ ಕರುವಿಗೆ ಎರಡು ಮೊಲೆ ಬಿಟ್ಟು ಎರಡು ಮೊಲೆ ಕರೆದುಕೊಂಡ ರೈತನದು ಬರೀ ಕರುಣೆಯಲ್ಲ, ಗಟ್ಟಿ ವ್ಯವಹಾರಜ್ಞಾನವೂ ಹೌದು. ಕರುಣೆ ಮತ್ತು ಲೆಕ್ಕಾಚಾರ ಒಂದೇ ಕಡೆ ಎಳೆಯುತ್ತಿದ್ದುದರಿಂದಲೇ ಈ ಪದ್ಧತಿ ಅಷ್ಟು ಕಾಲ ಬಾಳಿತು.

ಇನ್ನೊಂದು ಕಾರಣ ಹಸುವಿನ ಮೈಯಲ್ಲೇ ಇದೆ. ನಾಟಿ ಹಸು ಸಾಮಾನ್ಯವಾಗಿ ಕರುವಿನ ಬಾಯಿ ತಾಗದೆ ಸೊರೆ ಬಿಡುವುದಿಲ್ಲ. ಹಾಲು ಹುಟ್ಟುವುದು ಕೆಚ್ಚಲಿನ ಒಳಗಿನ ಸೂಕ್ಷ್ಮ ಕೋಶಗಳಲ್ಲಿ. ಅಲ್ಲಿಂದ ಅದು ಕೆಳಗೆ ಇಳಿಯಬೇಕಾದರೆ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಬೇಕು. ಕರು ಕೆಚ್ಚಲಿಗೆ ಗುದ್ದಿ ಚೀಪತೊಡಗಿದರೆ ಒಂದೆರಡು ನಿಮಿಷದಲ್ಲಿ ಮೊಲೆಗಳು ಬಿಗಿದುಕೊಳ್ಳುತ್ತವೆ. ಕರೆಯುವವರು ಆಗ ಕರುವನ್ನು ಎಳೆದು ತಾಯಿಯ ಮುಂಗಾಲಿಗೋ ಪಕ್ಕದ ಗೂಟಕ್ಕೋ ಕಟ್ಟುತ್ತಾರೆ. ಹಸು ಕರುವಿನ ಬೆನ್ನು ನೆಕ್ಕುತ್ತ ನಿಂತಿರುವಾಗ ಚೊಂಬಿಗೆ ಹಾಲು ಬೀಳಬೇಕು. ಹಾರ್ಮೋನಿನ ಪ್ರಭಾವ ಕೆಲವೇ ನಿಮಿಷ ಇರುವುದರಿಂದ ಕೈ ಚುರುಕಾಗಿರಲೇಬೇಕು. ಹೊಸಬರು ಕೂತರೆ, ನಾಯಿ ಬೊಗಳಿದರೆ ಹಸು ಹಾಲು ಎತ್ತಿಕೊಳ್ಳುತ್ತದೆ. ಕೊನೆಗೆ ಕಣ್ಣಿ ಬಿಚ್ಚಿದಾಗ ಕರುವಿಗೆ ಸಿಗುವುದು ಪ್ರಮಾಣದಲ್ಲಿ ಕಡಿಮೆ, ಕೊಬ್ಬಿನಲ್ಲಿ ಹೆಚ್ಚು: ಮೊದಲ ಹಾಲು ತೆಳು, ಕಡೆಯ ಹಾಲು ಗಟ್ಟಿ. ಹೀಗೆ ಕೆಚ್ಚಲು ಪೂರ್ತಿ ಬರಿದಾಗುವುದು ಕೆಚ್ಚಲು ಬಾವು ಬಾರದಂತೆ ತಡೆಯಲೂ ನೆರವಾಗುತ್ತದೆ.

ಮೇಯಲು ಹೋಗುವ ಹಸುವಾದರೆ ಕರು ಹಗಲೆಲ್ಲ ಕೊಟ್ಟಿಗೆಯಲ್ಲಿ ಕಾಯುತ್ತದೆ. ಕನ್ನಡ ಮಕ್ಕಳೆಲ್ಲ ಕೇಳಿರುವ 'ಗೋವಿನ ಹಾಡು' ನಿಂತಿರುವುದೇ ಈ ದಿನಚರಿಯ ಮೇಲೆ. ಮೇಯಲು ಹೋದ ತಾಯಿ ಸಂಜೆ ಊಡಿಸಲು ಮರಳದಿದ್ದರೆ ಏನಾದೀತೆಂಬ ಆತಂಕ ಪ್ರತಿ ಕೊಟ್ಟಿಗೆಯದೂ ಆಗಿತ್ತು. ಕರು ತಾನಾಗಿ ಹೋಗಿ ಕುಡಿಯದಿರಲಿ, ಮಣ್ಣು ತಿನ್ನದಿರಲಿ ಎಂದು ಬಾಯಿಗೆ ಕುಕ್ಕೆ ಹಾಕುತ್ತಿದ್ದರು. ಕರು ಸತ್ತರೆ ಅದರ ಚರ್ಮಕ್ಕೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸಿ ಹಾಲು ಕರೆಯುವುದೂ ಇತ್ತು. ಹಳೆಯದೆಲ್ಲ ಸೌಮ್ಯವಾಗಿತ್ತು ಎನ್ನುವಂತಿಲ್ಲ. ದುರಾಸೆಯ ಮನೆಯಲ್ಲಿ ಕರು ಪಕ್ಕೆಲುಬು ಕಾಣುವಷ್ಟು ಸೊರಗುತ್ತಿತ್ತು, ಊಡಿಸುವುದು ಬರೀ ಸೊರೆ ಬಿಡಿಸುವ ಉಪಾಯವಾಗಿಬಿಡುತ್ತಿತ್ತು.

ಮಾರಾಟ ನಡೆಯುತ್ತಿದ್ದುದು ವರ್ತನೆಯ ಮೇಲೆ. ಇಂತಿಷ್ಟು ಪಾವು ಎಂದು ಗೊತ್ತು ಮಾಡಿಕೊಂಡು ತಿಂಗಳ ಕೊನೆಗೆ ಲೆಕ್ಕ. ನೀರು ಬೆರೆಸುತ್ತಾರೆಂಬ ಅನುಮಾನ ಇದ್ದವರು ಹಸು ಕರುಗಳನ್ನು ಮನೆ ಬಾಗಿಲಿಗೇ ಬರಮಾಡಿಕೊಂಡು ಕಣ್ಣೆದುರಿಗೆ ಕರೆಸುತ್ತಿದ್ದರು. ಅಂಥ ಮನೆಯ ಮಕ್ಕಳಿಗೆ ಹಾಲು ಕೊಡುವ ಹಸುವೂ ಗೊತ್ತು, ಅದರ ಕರುವೂ ಗೊತ್ತು. ಅಡುಗೆಮನೆಯ ಕಲಗಚ್ಚು ಕೊಟ್ಟಿಗೆಗೆ ಹೋಗುತ್ತಿತ್ತು. ಅದಕ್ಕೆ ಬೂಸಾ, ಕಡಲೆಕಾಯಿ ಹಿಂಡಿ, ರುಬ್ಬಿದ ಹತ್ತಿಕಾಳು ಸೇರುತ್ತಿತ್ತು. ಹಸು ಈದಾಗ ಗಿಣ್ಣು ನೆರೆಮನೆಗಳಿಗೆ ಹಂಚಿಕೆಯಾಗುತ್ತಿತ್ತು. ಗಿಣ್ಣದ ಹಾಲು ಮೊದಲು ಸೇರಬೇಕಾದದ್ದು ಕರುವಿಗೆ. ತಾಯಿಯ ರೋಗನಿರೋಧಕ ಅಂಶ ಗರ್ಭದಲ್ಲಿ ಕರುವಿಗೆ ದಾಟುವುದಿಲ್ಲ, ಹುಟ್ಟಿದ ಮೊದಲ ಕೆಲವು ಗಂಟೆಗಳ ಗಿಣ್ಣದ ಹಾಲಿನಿಂದಲೇ ಅದು ಸಿಗುವುದು. ಒಂದು ದಿನ ಕಳೆದರೆ ಕರುಳು ಅದನ್ನು ಹೀರಿಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ.

ತಿರುವು ಬಂದದ್ದು 1939ರಲ್ಲಿ, ಮೈಸೂರಿನಲ್ಲೇ. ಅರಮನೆಯ ಡೈರಿ ಫಾರಂನಲ್ಲಿ ಡಾ. ಸಂಪತ್‌ಕುಮಾರನ್ ಭಾರತದ ಮೊದಲ ಕೃತಕ ಗರ್ಭಧಾರಣೆ ನಡೆಸಿದರು. ಹೋಲ್‌ಸ್ಟೀನ್ ಫ್ರೀಷಿಯನ್ ಹೋರಿಯ ವೀರ್ಯವನ್ನು ಹಳ್ಳಿಕಾರ್ ಹಸುಗಳಿಗೆ ಕೊಟ್ಟಾಗ 33 ಹಸುಗಳು ಗರ್ಭ ಕಟ್ಟಿದವು. ಸಂಖ್ಯೆ ಚಿಕ್ಕದು, ಪರಿಣಾಮ ದೊಡ್ಡದು. ಎತ್ತಿಗಾಗಿ ಹೆಸರಾದ ತಳಿಯಲ್ಲಿ ಅಲ್ಲಿ ಗರ್ಭ ಕಟ್ಟಿಸಿದ್ದು ಹಾಲನ್ನೇ ಗುರಿಯಾಗಿಟ್ಟುಕೊಂಡು. ಕರುವಿನ ಮಾರುಕಟ್ಟೆ ಬೆಲೆ ಕುಸಿಯುವ ದಾರಿ ಅಲ್ಲಿಂದಲೇ ತೆರೆಯಿತು ಎಂದು ನೋಡುವುದು ತಪ್ಪಾಗಲಾರದು.

ಸ್ವಾತಂತ್ರ್ಯದ ನಂತರ ಒಂಟಿಕೊಪ್ಪಲಿನ ಪಕ್ಕದ ಚೆಲುವಾಂಬಾ ವಿಲಾಸ ಅರಮನೆಯಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾಯಿತು. ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನ ರೂಪುಗೊಂಡದ್ದು ಇಲ್ಲಿ, ಅದನ್ನು ಮಾರುಕಟ್ಟೆಗೆ ತಂದದ್ದು ಅಮುಲ್. 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ರಾಜ್ಯದ ಮೊದಲ ಹಾಲಿನ ಸಹಕಾರ ಸಂಘ ಹುಟ್ಟಿತು. 1974ರ ನಂತರ ವಿಶ್ವಬ್ಯಾಂಕ್ ನೆರವಿನ ಯೋಜನೆ ಬಂತು, ಮುಂದೆ ಕರ್ನಾಟಕ ಹಾಲು ಮಹಾಮಂಡಳಿಯ 'ನಂದಿನಿ' ಮನೆಮಾತಾಯಿತು. ಹಳ್ಳಿಯ ಸಣ್ಣ ಹಿಡುವಳಿದಾರರಿಗೆ, ಅದರಲ್ಲೂ ಹೆಂಗಸರಿಗೆ, ಕೈಗೆ ನಗದು ತಂದುಕೊಟ್ಟ ಈ ವ್ಯವಸ್ಥೆಯ ಉಪಕಾರ ದೊಡ್ಡದು. ಆದರೆ ಡೈರಿಗೆ ಹಾಕಿದ ಪ್ರತಿ ಲೀಟರಿಗೂ ದರವಿರುವಾಗ ಕರು ಕುಡಿದದ್ದು ನಷ್ಟದ ಬಾಬ್ತಾಗಿ ಕಾಣತೊಡಗಿತು. ಮಿಶ್ರತಳಿ ಹಸು ಕರು ಇಲ್ಲದೆಯೂ ಕೈಗೆ, ಯಂತ್ರಕ್ಕೆ ಹಾಲು ಬಿಡುತ್ತದೆ. ಕರುವನ್ನು ಬೇರೆ ಕಟ್ಟಿ, ಮೈತೂಕದ ಸುಮಾರು ಹತ್ತರಲ್ಲಿ ಒಂದು ಭಾಗದಷ್ಟು ಹಾಲನ್ನು ಪಾತ್ರೆಯಲ್ಲಿ ಕುಡಿಸುವ ಸಲಹೆ ಬಂತು. ಟ್ರ್ಯಾಕ್ಟರ್ ಬಂದಮೇಲೆ ಹೋರಿಗರುವಿಗೆ ಆ ಪಾಲೂ ಕಷ್ಟವಾಯಿತು.

ಕರುವಿನ ಸ್ಥಾನಕ್ಕೆ ಸೂಜಿ ಬಂದದ್ದು ಈ ಚರಿತ್ರೆಯ ಅತ್ಯಂತ ನೋವಿನ ಭಾಗ. ನಗರಗಳ ದನದ ಕೊಟ್ಟಿಗೆಗಳಲ್ಲಿ ದಿನವೂ ಆಕ್ಸಿಟೋಸಿನ್ ಚುಚ್ಚಿ ಹಾಲು ಇಳಿಸುವ ದುರುಪಯೋಗ ದೇಶದಾದ್ಯಂತ ಹಬ್ಬಿತು. 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳ ತಯಾರಿಕೆ ನಿಷೇಧಿಸಿ, ಬೆಂಗಳೂರಿನ ಸಾರ್ವಜನಿಕ ವಲಯದ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್‌ಗೆ ಮಾತ್ರ ಅನುಮತಿ ಉಳಿಸಿತು. ಆದರೆ ಹೆರಿಗೆಯ ರಕ್ತಸ್ರಾವ ತಡೆಯಲು ಬೇಕಾದ ಜೀವರಕ್ಷಕ ಔಷಧಿ ಅದು. ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ನಿಷೇಧವನ್ನು ರದ್ದುಪಡಿಸಿತು.

ಒಂಟಿಕೊಪ್ಪಲಿನ ಸುತ್ತಲ ಬಯಲು ಕಾಲಕ್ರಮದಲ್ಲಿ ಕಟ್ಟಡಗಳಾಯಿತು, ಹಿತ್ತಲುಗಳು ಮನೆಗಳಾದವು. ಕರು ಬಿಟ್ಟು ಕರೆಯುವವರು ಈಗ ಹೆಚ್ಚಾಗಿ ನಾಟಿ ಹಸು ಇಟ್ಟುಕೊಂಡಿರುವವರು. ಕರು ತಾಯಿಯ ಜೊತೆಗಿರಬೇಕೇ ಎಂಬ ಪ್ರಶ್ನೆಗೆ ಹೊರಗಿನ ಜಗತ್ತು ಇನ್ನೊಂದು ದಾರಿಯಿಂದ ಬಂದಿದೆ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಕರುವನ್ನು ಬೇರ್ಪಡಿಸುವ ಯೂರೋಪಿನಲ್ಲಿ, ಅಲ್ಲಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಕರುವನ್ನು ಕನಿಷ್ಠ ಸುಮಾರು ಒಂದು ದಿನವಾದರೂ ತಾಯಿಯ ಬಳಿ ಬಿಡಬೇಕು, ಮುಂದೆ ಈ ಅವಧಿಯನ್ನು ಹೆಚ್ಚಿಸುತ್ತ ಹೋಗಬೇಕು ಎಂದು ಅಭಿಪ್ರಾಯ ಕೊಟ್ಟಿತು. ತಾಯಿ ಕರು ಜೊತೆಗಿರುವ ಡೈರಿಗಳು ಅಲ್ಲಿ ಈಗ ಅಧ್ಯಯನದ ವಿಷಯ. ಹಳ್ಳಿಕಾರ್ ಸಾಕುವ ಮನೆಗಳ ಅನುಭವವನ್ನೂ ಅಷ್ಟೇ ಶ್ರದ್ಧೆಯಿಂದ ಅಳೆದು ಬರೆದಿಡುವ ಕೆಲಸ ನಮ್ಮ ಪಶುವೈದ್ಯ ಕಾಲೇಜುಗಳ ಮುಂದಿದೆ. ಕರು ಎಷ್ಟು ಕುಡಿಯಿತು, ಹಸು ಎಷ್ಟು ತಿಂಗಳು ಹಾಲು ಕೊಟ್ಟಿತು, ಮತ್ತೆ ಯಾವಾಗ ಬೆದೆಗೆ ಬಂತು ಎಂಬ ಮೂರು ಲೆಕ್ಕಗಳಿಂದ ಅದನ್ನು ಆರಂಭಿಸಬಹುದು.