ಒಮೆಗಾ ಸೆಂಟಾರಿ

ಒಮೆಗಾ ಸೆಂಟಾರಿ (ಎನ್‌ಜಿಸಿ 5139) ಕಿನ್ನರ ನಕ್ಷತ್ರಪುಂಜದಲ್ಲಿರುವ ಗೋಳೀಯ ನಕ್ಷತ್ರಗುಚ್ಛ. ಭೂಮಿಯಿಂದ ಕಾಣುವ ಇಂತಹ ಗುಚ್ಛಗಳಲ್ಲೆಲ್ಲ ಇದೇ ಅತ್ಯಂತ ಪ್ರಕಾಶಮಾನವಾದುದು. ಪರಸ್ಪರ ಗುರುತ್ವಾಕರ್ಷಣೆಯಿಂದ ಚೆಂಡಿನಂತೆ ಒತ್ತಾಗಿ ನೆರೆದ ಹಳೆಯ ನಕ್ಷತ್ರಗಳ ಸಮೂಹಕ್ಕೆ ಗೋಳೀಯ ಗುಚ್ಛವೆಂದು ಹೆಸರು. ಒಮೆಗಾ ಸೆಂಟಾರಿಯಲ್ಲಿ ಸುಮಾರು ಒಂದು ಕೋಟಿ ನಕ್ಷತ್ರಗಳಿವೆ. ಇದರ ದೂರ ಸುಮಾರು 17,000 ಜ್ಯೋತಿರ್ವರ್ಷ. ವ್ಯಾಸ ಸುಮಾರು 150 ಜ್ಯೋತಿರ್ವರ್ಷ. ಕಾಂತಿಮಾನ 3.9 ಇರುವುದರಿಂದ ಕತ್ತಲಿರುವ ಕಡೆ ಬರಿಗಣ್ಣಿಗೇ ಕಾಣುತ್ತದೆ.

ವೀಕ್ಷಣೆ

ದಕ್ಷಿಣ ಖಗೋಳದ ಕಾಯವೆಂದು ಓದಿದ ಮಾತ್ರಕ್ಕೆ ಇದು ನಮ್ಮ ಕಡೆ ಕಾಣದೆಂದು ಭಾವಿಸಬೇಕಿಲ್ಲ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿಗಳು 17 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಇಲ್ಲಿಂದ ಈ ಗುಚ್ಛವು ದಕ್ಷಿಣ ದಿಗಂತದ ಮೇಲೆ ಗರಿಷ್ಠ 25 ಡಿಗ್ರಿಯಷ್ಟು ಏರುತ್ತದೆ. ಅಂದರೆ ಚಾಚಿದ ಕೈಯ ಎರಡೂವರೆ ಮುಷ್ಟಿಯ ಎತ್ತರ. ಗುರುತಿಸಲು ಚಿತ್ತಾ ನಕ್ಷತ್ರವೇ ಸಾಕು. ಚಿತ್ತಾ ನೇರ ದಕ್ಷಿಣಕ್ಕೆ ಬಂದಾಗ ಅದರ ಕೆಳಗೆ ಸುಮಾರು 36 ಡಿಗ್ರಿ ಅಂತರದಲ್ಲಿ ಮಸುಕಾದ ಚುಕ್ಕೆಯಂತೆ ಈ ಗುಚ್ಛ ತೋರುತ್ತದೆ. ಏಪ್ರಿಲ್ ಮಧ್ಯದಲ್ಲಿ ನಡುರಾತ್ರಿಗೂ ಮೇ ಕೊನೆಯ ವಾರದಲ್ಲಿ ರಾತ್ರಿ ಒಂಬತ್ತೂವರೆಯ ಹೊತ್ತಿಗೂ ಈ ಯೋಗ ಒದಗುತ್ತದೆ. ಮಳೆಗಾಲ ಹಿಡಿದ ಮೇಲೆ ಮೋಡಗಳದೇ ಅಡ್ಡಿ.

ಬೆಳದಿಂಗಳಿಲ್ಲದ ರಾತ್ರಿಯನ್ನೇ ಆರಿಸಿಕೊಳ್ಳಬೇಕು. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳ ದೀಪ ಮತ್ತು ಧೂಳು ದಿಗಂತದ ಬಳಿಯ ಆಗಸವನ್ನು ಮಬ್ಬಾಗಿಸುವುದರಿಂದ, ಅವು ತಮ್ಮ ಉತ್ತರಕ್ಕೆ ಉಳಿಯುವಂತಹ ಬಯಲನ್ನು ಹುಡುಕುವುದು ಒಳಿತು. ಚಿಂಚೋಳಿಯ ಕಾಡಿನಂಚಿನ ಹಳ್ಳಿಗಳಿಗೆ ಈ ತೊಂದರೆ ಕಡಿಮೆ. ಸಾಧಾರಣ ದುರ್ಬೀನಿನಲ್ಲಿ ದುಂಡನೆಯ ಬೆಳಕಿನ ಉಂಡೆಯಾಗಿ ಕಾಣುವ ಗುಚ್ಛವು ಆರಂಗುಲದ ದೂರದರ್ಶಕದಲ್ಲಿ ಬಿಡಿಬಿಡಿ ನಕ್ಷತ್ರಗಳಾಗಿ ಒಡೆಯುತ್ತದೆ.

ಇತಿಹಾಸ

ಎರಡನೆಯ ಶತಮಾನದಲ್ಲಿ ಟಾಲೆಮಿ ಇದನ್ನು ನಕ್ಷತ್ರವೆಂದೇ ಪಟ್ಟಿಮಾಡಿದನು. 1603ರಲ್ಲಿ ಯೋಹಾನ್ ಬೇಯರ್ ‘ಒಮೆಗಾ’ ಅಕ್ಷರವನ್ನಿತ್ತನು. ಇದು ನಕ್ಷತ್ರವಲ್ಲವೆಂದು 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ಕಂಡವನು ಎಡ್ಮಂಡ್ ಹ್ಯಾಲಿ. ಪ್ಯಾರಿಸ್ಸಿನಲ್ಲಿ ಇದು ಉದಯಿಸುವುದೇ ಇಲ್ಲ; ಆದಕಾರಣ ಮೆಸಿಯೆಯ ಪ್ರಸಿದ್ಧ ಪಟ್ಟಿಯಲ್ಲಿ ಇದಕ್ಕೆ ಸ್ಥಾನ ದೊರೆತಿಲ್ಲ.

ಭೂಮಿಯ ಅಕ್ಷವು ನಿಧಾನವಾಗಿ ತಿರುಗುವ ಅಯನಚಲನೆಯಿಂದ ಈ ಗುಚ್ಛ ಶತಮಾನದಿಂದ ಶತಮಾನಕ್ಕೆ ದಕ್ಷಿಣಕ್ಕೆ ಸರಿಯುತ್ತಿದೆ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನು ಸೇಡಂ ಸಮೀಪದ ಮಳಖೇಡದಿಂದ ಆಳುತ್ತಿದ್ದಾಗ, ಅಲ್ಲಿನ ಆಗಸದಲ್ಲಿ ಇದು ಇಂದಿಗಿಂತ ಸುಮಾರು 6 ಡಿಗ್ರಿ ಮೇಲಿತ್ತು.

ಸ್ವರೂಪ

ಗುಚ್ಛದ ವಯಸ್ಸು ಸುಮಾರು 1,200 ಕೋಟಿ ವರ್ಷ. ಸಾಮಾನ್ಯ ಗೋಳೀಯ ಗುಚ್ಛಗಳಲ್ಲಿ ನಕ್ಷತ್ರಗಳು ಹೆಚ್ಚುಕಡಿಮೆ ಸಮವಯಸ್ಕರು. ಇಲ್ಲಿ ಹಲವು ಪೀಳಿಗೆಗಳಿವೆ. ಆದ್ದರಿಂದ ಇದು ಕ್ಷೀರಪಥವು ಹಿಂದೆಂದೋ ನುಂಗಿದ ಕುಬ್ಜ ಗೆಲಾಕ್ಸಿಯೊಂದರ ಉಳಿದ ತಿರುಳಾಗಿರಬೇಕೆಂಬ ವಾದ ಬಲವಾಗಿದೆ. 2024ರಲ್ಲಿ ಹಬಲ್ ದೂರದರ್ಶಕದ ಚಿತ್ರಗಳಿಂದ ಕೇಂದ್ರದ ಬಳಿ ಅತಿವೇಗವಾಗಿ ಚಲಿಸುವ ಏಳು ನಕ್ಷತ್ರಗಳನ್ನು ಗುರುತಿಸಲಾಯಿತು. ಅಲ್ಲಿ ಕನಿಷ್ಠ 8,200 ಸೂರ್ಯರಷ್ಟು ದ್ರವ್ಯರಾಶಿಯ ಕಪ್ಪುಕುಳಿ ಇರಬೇಕೆಂದು ಆ ವೇಗಗಳಿಂದ ಲೆಕ್ಕಹಾಕಲಾಗಿದೆ.