ಎಣ್ಣೆ ಕುಡಿಯುವ ಎಂಜಿನ್ನಿನ ಕತೆ

ಬೆಂಗಳೂರಿನಲ್ಲಿ ಶುಕ್ರವಾರ ಸಂಜೆ ಯಾರಾದರೂ ‘ಎಣ್ಣೆ’ ಅಂದರೆ ಅದರ ಅರ್ಥವನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಾನು ಹೇಳಹೊರಟಿರುವುದು ಇನ್ನೊಂದು ಜಾತಿಯ ಕುಡುಕರ ಬಗ್ಗೆ. ಇವರು ಕುಡಿಯುವುದು ನಿಜವಾದ ಎಣ್ಣೆಯನ್ನೇ. ಸಣ್ಣ ವಿಮಾನಗಳ ಪಿಸ್ಟನ್ ಎಂಜಿನ್ನುಗಳು.

ವಿಮಾನ ಕಲಿಸುವ ಶಾಲೆಗಳಲ್ಲಿ ಓಡಾಡುವ ಸೆಸ್ನಾ 172 ತಗೊಳ್ಳಿ. ಅದರ ಇತ್ತೀಚಿನ ಮಾದರಿಯಲ್ಲಿ 180 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್ ಇದೆ. ಕಂಪನಿಯ ಸೂತ್ರದ ಪ್ರಕಾರ ಲೆಕ್ಕ ಹಾಕಿದರೆ ಅದು ಗಂಟೆಗೆ ಅರ್ಧ ಲೀಟರ್‌ಗಿಂತ ತುಸು ಹೆಚ್ಚೇ ಎಣ್ಣೆ ಖರ್ಚು ಮಾಡಬಹುದು. ನಿಮ್ಮ ಕಾರು ಹಾಗೆ ಕುಡಿದರೆ ಬೆಂಗಳೂರಿನಿಂದ ವಿಜಯಪುರಕ್ಕೆ ಹೋಗುವ ಹತ್ತು ತಾಸಿನಲ್ಲಿ ಐದು ಲೀಟರ್ ಬೇಕು. ಅಂದರೆ ದಾರಿಯಲ್ಲೇ ಎಲ್ಲೋ ಕೆಂಪು ದೀಪ ಹತ್ತಿ ನಿಂತಿರುತ್ತದೆ. ಒಳ್ಳೆಯ ವಿಮಾನ ಎಂಜಿನ್ ಇದರ ಕಾಲು ಭಾಗವನ್ನೂ ಕುಡಿಯುವುದಿಲ್ಲ, ಆ ಮಾತು ಬೇರೆ. ಆದರೂ ಇಷ್ಟೊಂದು ಸಲಿಗೆ ಯಾಕೆ ಕೊಟ್ಟರು? ಅದಕ್ಕೊಂದು ಇತಿಹಾಸವಿದೆ. ಅದು ಶುರುವಾಗುವುದು ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಒಂದು ಗಿಡದಿಂದ.

ನಮ್ಮ ಕಡೆ ಅಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆ. ಅಲ್ಲಿ ಒಂದೊಂದು ಎಣ್ಣೆಗೆ ಒಂದೊಂದು ಕೆಲಸ. ಕುಸುಬಿ ಎಣ್ಣೆ ಅಡುಗೆಗೆ. ಔಡಲೆಣ್ಣೆ ನೆತ್ತಿಗೆ, ಮಕ್ಕಳ ಹೊಟ್ಟೆ ತೊಳೆಯಲಿಕ್ಕೆ, ಮತ್ತು ಬಂಡಿಯ ಅಚ್ಚಿಗೆ. ಬಂಡಿ ಹೂಡಿ ದೂರದ ಸಂತೆಗೆ ಹೊರಟವರು ಕೀಲೆಣ್ಣೆಯ ಗೊಟ್ಟವನ್ನು ಜೊತೆಗೇ ಒಯ್ಯುತ್ತಿದ್ದರು. ಗಾಲಿ ಕಿರುಗುಟ್ಟಿದರೆ ಎತ್ತಿಗೂ ಸಂಕಟ, ಅಚ್ಚಿಗೂ ಕೇಡು. ಹಾಕಿದ ಎಣ್ಣೆ ಮರಳಿ ಬರುವುದಿಲ್ಲ, ದಾರಿಗುಂಟ ಸೋರಿ ಹೋಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ಮೊದಲ ವಿಮಾನ ಎಂಜಿನ್ನುಗಳೂ ಹೆಚ್ಚುಕಡಿಮೆ ಇದೇ ಬಂಡಿಯ ಲೆಕ್ಕದಲ್ಲೇ ಓಡಿದವು.

1908ರ ಕೊನೆಗೆ ಪ್ಯಾರಿಸ್ಸಿನಲ್ಲಿ ಸೆಗ್ಯಾಂ ಸಹೋದರರು ‘ನೋಮ್’ ಎಂಬ ಎಂಜಿನ್ನನ್ನು ಜನರ ಮುಂದಿಟ್ಟರು. ಏಳು ಸಿಲಿಂಡರ್, 50 ಅಶ್ವಶಕ್ತಿ. ಇದರ ವಿಚಿತ್ರ ಏನೆಂದರೆ ನಡುವಿನ ಕ್ರ್ಯಾಂಕು ನಿಂತಿರುತ್ತಿತ್ತು, ಫ್ಯಾನಿನ ಜೊತೆ ಇಡೀ ಎಂಜಿನ್ನೇ ಗರಗರ ತಿರುಗುತ್ತಿತ್ತು. ಹಾಗೆ ತಿರುಗಿದ್ದರಿಂದಲೇ ಗಾಳಿ ತಾಗಿ ತಣ್ಣಗಾಗುತ್ತಿತ್ತು. ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಕ್ರ್ಯಾಂಕಿನ ಡಬ್ಬಿಯೊಳಗಿಂದಲೇ ಸಿಲಿಂಡರಿಗೆ ಹೋಗಬೇಕಿತ್ತು. ಅಲ್ಲಿ ಕಲ್ಲೆಣ್ಣೆಯಿಂದ ತೆಗೆದ ಲೂಬ್ರಿಕೆಂಟ್ ಹಾಕಿದರೆ ಪೆಟ್ರೋಲು ಅದನ್ನು ತೊಳೆದುಬಿಡುತ್ತದೆ. ಔಡಲೆಣ್ಣೆ ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಕಾದರೂ ನೀರಾಗದೆ ಲೋಹಕ್ಕೆ ಅಂಟಿಕೊಂಡೇ ಇರುತ್ತದೆ. ಹಾಗಾಗಿ ನೋಮ್‌ಗೆ ಔಡಲೆಣ್ಣೆಯೇ ಬೇಕಾಯಿತು. ಒಮ್ಮೆ ಒಳಗೆ ಹೋದ ಎಣ್ಣೆ ಮತ್ತೆ ಟಾಕಿಗೆ ಬರುತ್ತಿರಲಿಲ್ಲ. ಅರ್ಧ ಸುಟ್ಟು, ಅರ್ಧ ಹನಿಯಾಗಿ ಹೊರಗೆ ಸಿಡಿಯುತ್ತಿತ್ತು. ಗಂಟೆಗೆ ಹಲವು ಲೀಟರ್ ಖರ್ಚು. ಹಿಂದೆ ಕೂತ ಪೈಲಟ್ಟಿನ ಮುಖ, ಕನ್ನಡಕ, ಕೋಟು ಎಲ್ಲ ಎಣ್ಣೆಮಯ. ಆ ಹೊಗೆ ನುಂಗಿ ಪೈಲಟ್ಟುಗಳ ಹೊಟ್ಟೆ ಸಡಿಲಾಗುತ್ತಿತ್ತು ಎಂಬ ಕತೆ ವಿಮಾನ ಲೋಕದಲ್ಲಿ ಇವತ್ತಿಗೂ ಓಡಾಡುತ್ತದೆ. ಅಮ್ಮ ಮೂಗು ಹಿಡಿದು ಔಡಲೆಣ್ಣೆ ಕುಡಿಸಿದ್ದನ್ನು ನೆನಪಿಟ್ಟುಕೊಂಡವರಿಗೆ ಇದನ್ನು ನಂಬುವುದು ಕಷ್ಟವಲ್ಲ.

ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡ್ 1899ರಲ್ಲಿ ಶುರುಮಾಡಿದ ಕಂಪನಿ 1909ರಲ್ಲಿ ತನ್ನ ಹೊಸ ಎಣ್ಣೆಗೆ ಹೆಸರಿಟ್ಟಿದ್ದೂ ಇದೇ ಗಿಡದಿಂದ. ಔಡಲಕ್ಕೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್, ಅದರಿಂದ ಕ್ಯಾಸ್ಟ್ರಾಲ್. ಸರ್ವಿಸ್ ಸೆಂಟರಿನಲ್ಲಿ ಹಸಿರು ಡಬ್ಬಿ ನೋಡಿದಾಗ ನಮ್ಮ ಬದುವಿನ ಗಿಡ ನೆನಪಾದರೆ ತಪ್ಪಲ್ಲ.

ಆಮೇಲೆ 1914ರ ಯುದ್ಧ ಬಂತು. ಬ್ರಿಟಿಷರ ಸಾಪ್‌ವಿತ್ ಕ್ಯಾಮೆಲ್‌ನಂಥ ವಿಮಾನಗಳೂ ಇದೇ ತಿರುಗುವ ಎಂಜಿನ್ನಿನವು. ಬ್ರಿಟಿಷ್ ವಾಯುದಳದ ಮೊದಲ ಭಾರತೀಯ ಪೈಲಟ್ಟುಗಳಲ್ಲಿ ಒಬ್ಬರಾದ ಹರ್ದಿತ್ ಸಿಂಗ್ ಮಲಿಕ್ 1917ರಲ್ಲಿ ಪೇಟದ ಮೇಲೆ ದೊಡ್ಡ ಹೆಲ್ಮೆಟ್ ಹಾಕಿಕೊಂಡು ಹಾರಿಸಿದ್ದು ಕ್ಯಾಮೆಲ್ಲನ್ನೇ. ವಿಮಾನ ಹೆಚ್ಚಾದಂತೆ ಔಡಲಕ್ಕೆ ಎಲ್ಲಿಲ್ಲದ ಬೇಡಿಕೆ. ಆಗ ಜಗತ್ತಿನ ಔಡಲದ ದೊಡ್ಡ ಕಣಜ ಅಂದರೆ ಭಾರತ. ಮದ್ರಾಸ್ ಮತ್ತು ಬೊಂಬಾಯಿ ಪ್ರಾಂತ್ಯ, ನಿಜಾಮನ ಸೀಮೆ. ನಮ್ಮ ಬಿಜಾಪುರ ಜಿಲ್ಲೆ ಬೊಂಬಾಯಿ ಪ್ರಾಂತ್ಯದ ಅಂಚಿನಲ್ಲಿತ್ತು. ಸಿಂದಗಿ, ಮುದ್ದೇಬಿಹಾಳ ದಾಟಿದರೆ ನಿಜಾಮನ ರಾಜ್ಯ. 1880ರ ದಶಕದಿಂದಲೇ ಇಂಡಿ ರೋಡ್ ಮೇಲೆ ಹಾದು ಹೋಟಗಿಗೆ ಹೋಗುವ ಮೀಟರ್ ಗೇಜ್ ರೈಲು ಈ ಸೀಮೆಯನ್ನು ಬೊಂಬಾಯಿ ಬಂದರಿಗೆ ಜೋಡಿಸಿತ್ತು. ಅಮೆರಿಕ ಯುದ್ಧಕ್ಕೆ ಇಳಿದ ಮೇಲೆ ಏಷ್ಯಾದಿಂದ ಔಡಲದ ಬೀಜ ತರಿಸಿತು. ತನ್ನ ನೆಲದಲ್ಲೇ 1 ಲಕ್ಷ ಎಕರೆಗೂ ಹೆಚ್ಚು ಬಿತ್ತಲು ಹೊರಟಿತು. ಎಂಜಿನ್ ಎಣ್ಣೆಗಾಗಿ ಒಂದು ದೇಶ ಬಿತ್ತನೆಗೆ ಕೂತ ಅಪರೂಪದ ಪ್ರಸಂಗ ಇದು.

ಔಡಲೆಣ್ಣೆಗೆ ಒಂದು ಕೆಟ್ಟ ಗುಣವಿತ್ತು. ಅದು ಅಂಟಾಗಿ ಗಟ್ಟಿಯಾಗುತ್ತಿತ್ತು. ಕೆಲವೇ ಹತ್ತು ಗಂಟೆ ಓಡಿದರೆ ಎಂಜಿನ್ ಬಿಚ್ಚಿ ತಿಕ್ಕಬೇಕಿತ್ತು. ಯುದ್ಧ ಮುಗಿದ ಮೇಲೆ ತಿರುಗುವ ಎಂಜಿನ್ನುಗಳು ಹಿಂದೆ ಸರಿದವು. ಅವುಗಳ ಜಾಗಕ್ಕೆ ಬಂದ ಎಂಜಿನ್ನುಗಳಲ್ಲಿ ಎಣ್ಣೆ ಕೆಳಗಿನ ಸಂಪಿನಿಂದ ಅಥವಾ ಟಾಕಿಯಿಂದ ಮೇಲೇರಿ, ಕೆಲಸ ಮುಗಿಸಿ, ಮರಳಿ ಅಲ್ಲಿಗೇ ಬರುವ ವ್ಯವಸ್ಥೆ. ಕಲ್ಲೆಣ್ಣೆಯೇ ಸಾಕಾಯಿತು. ಎಣ್ಣೆಯನ್ನು ಸುಟ್ಟು ಎಸೆಯುವ ಹಳೇ ಪದ್ಧತಿ ಭೂಮಿಯ ಮೇಲೆ ಮಾತ್ರ ಬಹಳ ದಿನ ಉಳಿಯಿತು. ನಿಮ್ಮ ಅಪ್ಪನೋ ದೊಡ್ಡಪ್ಪನೋ ಮೈಸೂರಿನ ಯೆಜ್ಡಿ ಇಟ್ಟುಕೊಂಡಿದ್ದರೆ, ಬಂಕಿನಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿಸಿದ್ದನ್ನು ನೋಡಿರುತ್ತೀರಿ. ನೋಮ್ ಎಂಜಿನ್ನಿನ ದೂರದ ನೆಂಟ ಅದು.

ಈಗ ಪ್ರಶ್ನೆ ಬದಲಾಯಿತು. ಎಣ್ಣೆ ಕೆಳಗೇ ಇರಬೇಕು, ಪಿಸ್ಟನ್ ದಾಟಿ ಮೇಲೆ ಹೋಗಿ ಸುಡಬಾರದು. ಇದನ್ನು ಕಾಯುವ ಕಾವಲುಗಾರ ಪಿಸ್ಟನ್ ರಿಂಗು. ಮಿಸ್ತ್ರಿಗಳ ಬಾಯಲ್ಲಿ ‘ರಿಂಗ್ ಹೋಗ್ಯಾವ’ ಅನ್ನುವ ಅದೇ ರಿಂಗು. ಸೀಳಿದ ಬಳೆಯಂತೆ ಸ್ಪ್ರಿಂಗಾಗಿ ಗೋಡೆಗೆ ಒತ್ತಿಕೊಳ್ಳುವ ಲೋಹದ ರಿಂಗನ್ನು 1850ರ ದಶಕದಲ್ಲಿ ಉಗಿ ಎಂಜಿನ್ನಿಗಾಗಿ ಮಾಡಿದವನು ಇಂಗ್ಲೆಂಡಿನ ಜಾನ್ ರಾಮ್ಸ್‌ಬಾಟಮ್. ಇವತ್ತಿನ ವಿಮಾನದ ಎಂಜಿನ್ನಿನಲ್ಲೂ ಮೂಲ ಉಪಾಯ ಅದೇ.

ಹೊಸ ಸಿಲಿಂಡರಿನ ಒಳಗೋಡೆ ನುಣುಪಾಗಿರುವುದಿಲ್ಲ. ಬೇಕೆಂದೇ ಅದರ ಮೇಲೆ ಅಡ್ಡಾದಿಡ್ಡಿ ಸಣ್ಣ ಗೆರೆ ಕೊರೆದಿರುತ್ತಾರೆ. ಗೆರೆಗಳ ತಗ್ಗಿನಲ್ಲಿ ಎಣ್ಣೆ ನಿಲ್ಲುತ್ತದೆ. ಉಬ್ಬಿನ ತುದಿಗಳನ್ನು ರಿಂಗು ಸವೆಸಿ, ತಾನೂ ಸವೆದು, ಇಬ್ಬರೂ ಒಬ್ಬರಿಗೊಬ್ಬರು ಹೊಂದಿಕೊಳ್ಳಬೇಕು. ಈ ಹೊಂದಾಣಿಕೆಯ ಅವಧಿಯೇ ರನ್ನಿಂಗ್-ಇನ್. ಹಳೇ ಸ್ಕೂಟರು, ಕಾರುಗಳ ಬೆನ್ನಿಗೆ ಆ ಎರಡು ಪದ ಬರೆಸಿಕೊಂಡು ನಲವತ್ತರಲ್ಲಿ ಹೋಗುತ್ತಿದ್ದವರ ಕಾಲ ನೆನಪಿಸಿಕೊಳ್ಳಿ. ಅದರಿಂದ ನಮ್ಮ ತಲೆಯಲ್ಲಿ ಒಂದು ಮಾತು ಕೂತುಬಿಟ್ಟಿದೆ: ಹೊಸ ಎಂಜಿನ್ ಅಂದರೆ ಹಸುಗೂಸು, ಮೆಲ್ಲಗೆ ನಡೆಸಬೇಕು.

ವಿಮಾನದ ಎಂಜಿನ್ನಿನ ಮಟ್ಟಿಗೆ ಈ ಮಾತು ತಲೆಕೆಳಗು. ರಿಂಗಿನ ಸ್ವಂತ ಸ್ಪ್ರಿಂಗಿನ ಬಲ ಬಹಳ ಕಡಿಮೆ. ಅದನ್ನು ನಿಜವಾಗಿ ಗೋಡೆಗೆ ಒತ್ತುವುದು ಉರಿದ ಅನಿಲದ ಒತ್ತಡ. ಆ ಅನಿಲ ರಿಂಗಿನ ಬೆನ್ನ ಹಿಂದೆ ನುಗ್ಗಿ ಅದನ್ನು ಹೊರಕ್ಕೆ ತಳ್ಳುತ್ತದೆ. ಪೈಲಟ್ ಪ್ರೀತಿಯಿಂದ ಕಡಿಮೆ ಶಕ್ತಿಯಲ್ಲಿ ಓಡಿಸಿದರೆ ಒತ್ತಡ ಸಾಲದು. ರಿಂಗು ಎಣ್ಣೆಯ ಪೊರೆಯ ಮೇಲೆ ಜಾರಿಕೊಂಡು ಹೋಗುತ್ತದೆ. ಆ ಎಣ್ಣೆ ಬಿಸಿಗೆ ಸುಟ್ಟು ಗೋಡೆಯ ಮೇಲೆ ವಾರ್ನಿಶ್ ಬಳಿದಂತೆ ಗಾಜಿನಂಥ ಪದರ ಕಟ್ಟುತ್ತದೆ. ಗೆರೆಗಳೆಲ್ಲ ಮುಚ್ಚುತ್ತವೆ. ಆಮೇಲೆ ಎಷ್ಟು ಓಡಿಸಿದರೂ ರಿಂಗು ಕೂರುವುದಿಲ್ಲ. ಸಿಲಿಂಡರ್ ಬಿಚ್ಚಿ ಮತ್ತೆ ಗೆರೆ ಕೊರೆಸುವುದೊಂದೇ ದಾರಿ. ‘ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರಂತೆ’ ಅನ್ನುವ ಗಾದೆಯನ್ನು ಈ ಎಂಜಿನ್ನಿಗಾಗಿಯೇ ಕಟ್ಟಿದಂತಿದೆ.

ಈ ವಿದ್ಯೆಯನ್ನು ನಾನು ಮೊದಲು ಕೇಳಿದ್ದು ವಿಮಾನದವರಿಂದಲ್ಲ, ಸಿಂದಗಿಯ ಒಬ್ಬ ಮಿಸ್ತ್ರಿಯಿಂದ. ಇಂಡಿ ಕಡೆ ನಿಂಬೆ ತೋಟ ಇದ್ದ ನಮ್ಮ ಸೋದರಮಾವ ಬಾವಿಗೆ ಹೊಸ ಆಯಿಲ್ ಎಂಜಿನ್ ಕೂರಿಸಿದ್ದರು. ಸಾಲದ ದುಡ್ಡು. ಹಾಗಾಗಿ ಅದನ್ನು ಸೊಸೆಯಂತೆ ನೋಡಿಕೊಳ್ಳುವ ಆಸೆ. ಮಿಸ್ತ್ರಿ ಹೇಳಿದ್ದು: “ಗೌಡ್ರ, ಮೊದ್ಲನೇ ದಿನ ಹಗುರ ಇರ್ಲಿ. ಆಮ್ಯಾಲ ಪೂರಾ ಲೋಡ್ ಕೊಡ್ರಿ, ನೀರು ಎತ್ಲಿ. ಖಾಲಿ ಬಡಕೋತ ನಿಂತ್ರ ಎಣ್ಣಿ ಕುಡ್ಯೂದು ಕಲೀತೈತಿ.” ಬದುವಿನಾಚೆಯ ತೋಟದವರು ತಮ್ಮ ಎಂಜಿನ್ನನ್ನು ಅರ್ಧ ದಮ್ಮಿನಲ್ಲೇ ಓಡಿಸಿದರು. ಅದು ಮುಂದೆ ನೀಲಿ ಹೊಗೆ ಬಿಡುತ್ತಲೇ ಬಾಳಿತು. ಮಳೆ ಕೈಕೊಟ್ಟ ವರ್ಷ ಡೀಸೆಲ್ಲಿಗೇ ದುಡ್ಡಿಲ್ಲದಾಗ ಎಣ್ಣೆಗೆ ಎಲ್ಲಿಂದ ತರೋದು? ನಿಂಬೆ ಗಿಡ ಒಣಗಿದರೆ ಒಂದು ಬೆಳೆ ಹೋದಂತಲ್ಲ, ಹತ್ತು ವರ್ಷದ ದುಡಿಮೆ ಹೋದಂತೆ.

ನಮ್ಮ ಬಾವಿಗಳಿಗೆ ಎಂಜಿನ್ ಮುಟ್ಟಿಸಿದ ಉದ್ಯಮದ ಬೇರು ಕೂಡ ಇತ್ತಕಡೆಯದೇ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅವರ ಮನೆತನದ ಆಯಿಲ್ ಎಂಜಿನ್ ಕಂಪನಿ 1946ರಲ್ಲಿ ಪುಣೆಯಲ್ಲಿ ಶುರುವಾಯಿತು. ಮುಂದೆ ಕರೆಂಟು ಬಂತು, ಆಲಮಟ್ಟಿ ಮತ್ತು ನಾರಾಯಣಪುರದ ಅಣೆಕಟ್ಟುಗಳು ಬಂದವು. ಬಾಗೇವಾಡಿ, ಮುದ್ದೇಬಿಹಾಳದ ಕಡೆ ಏತ ನೀರಾವರಿಯ ದೊಡ್ಡ ಮೋಟರುಗಳು ಕೃಷ್ಣೆಯನ್ನು ಮೇಲೆತ್ತಿದವು. ಆಯಿಲ್ ಎಂಜಿನ್ ಮೂಲೆ ಸೇರಿತು.

ವಿಮಾನದ ಎಂಜಿನ್ನು ಮಾತ್ರ ಬೆಂಗಳೂರಿನಲ್ಲಿ ಬೇರೆ ದಾರಿ ಹಿಡಿದಿತ್ತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುಮಾಡಿದರು. 1943ರಿಂದ ಯುದ್ಧ ಮುಗಿಯುವವರೆಗೆ ಅದು ಅಮೆರಿಕದ ವಾಯುದಳದ ದೊಡ್ಡ ರಿಪೇರಿ ಕೇಂದ್ರ. ಬಿಚ್ಚಿ, ರಿಂಗು ಬದಲಿಸಿ ಕಟ್ಟಿದ ಎಂಜಿನ್ ಅಂದರೆ ಮತ್ತೆ ಹೊಸ ಎಂಜಿನ್ನೇ, ಅದನ್ನು ಮತ್ತೆ ಪಳಗಿಸಬೇಕು. ಯುದ್ಧದ ನಂತರ ವಿ. ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿತು. ಅದರ ಸಿರಸ್ ಮೇಜರ್ ಎಂಜಿನ್ನಿನ ಸಿಲಿಂಡರುಗಳು ತಲೆಕೆಳಗಾಗಿ ಜೋತುಬಿದ್ದಿರುತ್ತಿದ್ದವು. ಇಂಥ ಎಂಜಿನ್ ನಿಂತಾಗ ಎಣ್ಣೆ ರಿಂಗು ದಾಟಿ ಕೆಳಗಿಳಿಯುತ್ತದೆ, ಚಾಲೂ ಮಾಡುವ ಮೊದಲು ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಬೇಕು. 1958ರಲ್ಲಿ ಬಂದ ಪುಷ್ಪಕ್ ವಿಮಾನಕ್ಕೆ ಸಿಲಿಂಡರು ಅಡ್ಡಕ್ಕೆ ಮಲಗಿದ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಒಂದು ತಲೆಮಾರು ಅದರಲ್ಲೇ ಕಲಿಯಿತು.

ಒಂದೇ ಎಂಜಿನ್ನಿನ ವಿಮಾನದಲ್ಲಿ ಎಂಜಿನ್ ನಿಂತರೆ ಬೆಲೆ ಏನೆಂದು ತಿಳಿಯಲು ದೂರ ಹೋಗಬೇಕಿಲ್ಲ. ನಮ್ಮ ದೇಶದಲ್ಲೇ ತಯಾರಾದ ಎಚ್‌ಪಿಟಿ-32 ವಿಮಾನವನ್ನು 2009ರಲ್ಲಿ ನಿಲ್ಲಿಸುವ ಹೊತ್ತಿಗೆ 17 ಅಪಘಾತಗಳಲ್ಲಿ 19 ಪೈಲಟ್ಟುಗಳು ತೀರಿಹೋಗಿದ್ದರು. ಅಲ್ಲಿ ದೂರು ಇದ್ದದ್ದು ಇಂಧನದ ವ್ಯವಸ್ಥೆಯ ಮೇಲೆ, ಎಣ್ಣೆಯ ಮೇಲಲ್ಲ. ಆದರೆ ಕಾರಣ ಯಾವುದೇ ಇರಲಿ, ಮೇಲೆ ಎಂಜಿನ್ ಸುಮ್ಮನಾದ ಮೇಲೆ ಗಾಡಿ ಬದಿಗೆ ಹಚ್ಚಿ ಮೆಕ್ಯಾನಿಕ್ಕಿಗೆ ಫೋನ್ ಮಾಡಲಿಕ್ಕೆ ಆಗುವುದಿಲ್ಲ.

ಅದಕ್ಕೇ ಇವತ್ತಿನ ನಿಯಮ ಇಷ್ಟು ಬಿಗಿ. ಹೊಸ ಸಿಲಿಂಡರ್ ಹಾಕಿದ ಎಂಜಿನ್ನನ್ನು ನೆಲದ ಮೇಲೆ ಹೆಚ್ಚು ಹೊತ್ತು ಸುಮ್ಮನೆ ಓಡಿಸಬಾರದು. ಮೊದಲ ಹಾರಾಟಗಳಲ್ಲಿ ಮುಕ್ಕಾಲು ಭಾಗ ಶಕ್ತಿ ಕೊಟ್ಟೇ ಹಾರಬೇಕು. ಸಾಮಾನ್ಯವಾಗಿ ಮೊದಲ 50 ಗಂಟೆ, ಅಥವಾ ಎಣ್ಣೆಯ ಖರ್ಚು ಒಂದು ಮಟ್ಟಕ್ಕೆ ಬಂದು ನಿಲ್ಲುವವರೆಗೆ, ಏನೂ ಬೆರೆಸದ ಸಾದಾ ಮಿನರಲ್ ಎಣ್ಣೆ. ಕೊಳೆ ಹಿಡಿದಿಡುವ ಮಸಾಲೆ ಸೇರಿಸಿದ ಒಳ್ಳೆಯ ಎಣ್ಣೆ ಆಮೇಲೆ. ರಿಂಗು ಕೂತಾಗ ಸಿಲಿಂಡರಿನ ಬಿಸಿ ಇಳಿಯುತ್ತದೆ, ಎಣ್ಣೆಯ ಖರ್ಚೂ ಇಳಿದು ನಿಲ್ಲುತ್ತದೆ. ಗಾಳಿಯಿಂದ ತಣ್ಣಗಾಗುವ ಎಂಜಿನ್ನಿನ ಸಿಲಿಂಡರು ಬಿಸಿಗೆ ಬಹಳ ಹಿಗ್ಗುವುದರಿಂದ ಸಂದು ತುಸು ಸಡಿಲ ಇಡಲೇಬೇಕು. ಹಾಗಾಗಿ ಖರ್ಚು ಸೊನ್ನೆಗೆ ಬರುವುದಿಲ್ಲ. ಶುರುವಿನಲ್ಲಿ ಹೇಳಿದ ಸಲಿಗೆಯ ಗುಟ್ಟು ಇದು.

ಈಗ ಡಿಪ್‌ಸ್ಟಿಕ್ ನೋಡುವ ಕಲೆಗೆ ಬರೋಣ. ಸೆಸ್ನಾ 172ರ ಸಂಪಿನಲ್ಲಿ ಹಿಡಿಯುವುದು 8 ಕ್ವಾರ್ಟ್, ಅಂದರೆ ಸುಮಾರು ಏಳೂವರೆ ಲೀಟರ್. ಪೂರ್ತಿ ತುಂಬಿಸಿದರೆ ಮೇಲಿನ ಒಂದಿಷ್ಟು ಉಸಿರುಗೊಳವೆಯಿಂದ ಹೊರಗೆ ಉಗುಳಿ ವಿಮಾನದ ಹೊಟ್ಟೆಗೆ ಮೆತ್ತಿಕೊಳ್ಳುತ್ತದೆ. ಅದನ್ನು ಎಂಜಿನ್ ಕುಡಿಯಿತು ಅಂತ ತಿಳಿಯುವವರೂ ಇದ್ದಾರೆ. ಅನುಭವಿಗಳು ಒಂದೆರಡು ಕ್ವಾರ್ಟ್ ಕಡಿಮೆಯೇ ಇಟ್ಟು, ಪ್ರತಿ ಸಲ ಎಷ್ಟು ಗಂಟೆಗೆ ಎಷ್ಟು ಹಾಕಿದೆವು ಅಂತ ಬರೆದಿಡುತ್ತಾರೆ. ಹತ್ತು ಗಂಟೆಗೆ ಒಂದು ಲೀಟರ್ ಕುಡಿಯುವ ಎಂಜಿನ್ ವರ್ಷಗಟ್ಟಲೆ ಹಾಗೇ ಕುಡಿದರೆ ಅದು ಅದರ ಸ್ವಭಾವ. ಅದೇ ಎಂಜಿನ್ ಈ ತಿಂಗಳು ನಾಲ್ಕೇ ಗಂಟೆಗೆ ಒಂದು ಲೀಟರ್ ಕೇಳಿದರೆ ಕಂಪನಿಯ ಮಿತಿಯೊಳಗೇ ಇದೆ ಅಂತ ಸಮಾಧಾನ ಮಾಡಿಕೊಳ್ಳಬಾರದು. ಒಳಗೆ ಏನೋ ಬದಲಾಗಿದೆ ಅಂತಲೇ ಅರ್ಥ. ಕಂಪನಿ ಕೊಟ್ಟ ಮಿತಿ ಎಲ್ಲ ಎಂಜಿನ್ನುಗಳಿಗೂ ಒಂದೇ. ಈ ಎಂಜಿನ್ನಿನ ಸ್ವಭಾವ ಬರೆದಿರುವುದು ಅದರ ಸ್ವಂತ ಪುಸ್ತಕದಲ್ಲಿ ಮಾತ್ರ, ಅದನ್ನೂ ದಿನಾ ಯಾರಾದರೂ ತುಂಬಿಸಿದ್ದರೆ.