ಜೆಡ್‌ಲಿಬ್‌ನ ಒಂದು ಸಾಲು: 2002ರ ಮಾರ್ಚ್‌ನ ಹುಡುಕಾಟ

ಇವತ್ತಿನ ಕಥೆ 2002ರ ಮಾರ್ಚ್ ತಿಂಗಳದ್ದು. ಆಗ ನಾನು ಬೆಂಗಳೂರಿನ ಒಂದು ಸಣ್ಣ ಕಚೇರಿಯಲ್ಲಿ ನಾಲ್ಕು ಲಿನಕ್ಸ್ ಸರ್ವರ್ ನೋಡಿಕೊಳ್ತಿದ್ದೆ. ಜೆಡ್‌ಲಿಬ್‌ನಲ್ಲಿ ದೋಷ ಇದೆ ಅಂತ ಸುದ್ದಿ ಬಂತು. ನಾಲ್ಕಕ್ಕೂ ಹೊಸ ಆವೃತ್ತಿ ಹಾಕಿ, ರೀಬೂಟ್ ಮಾಡಿ, ಕೆಲಸ ಮುಗೀತು ಅಂತ ಮನೆಗೆ ಹೋದೆ. ಮುಗಿದಿರಲಿಲ್ಲ.

ಜೆಡ್‌ಲಿಬ್ ಅಂದ್ರೆ ಡೇಟಾವನ್ನು ಕುಗ್ಗಿಸಿ, ಮತ್ತೆ ಬಿಡಿಸೋ ಲೈಬ್ರರಿ. ಬೇರೆ ಪ್ರೋಗ್ರಾಂಗಳು ಎರವಲು ತಗೊಂಡು ಬಳಸೋ ಸಿದ್ಧ ಕೋಡ್. ಜಾನ್-ಲೂ ಗಯ್ಯಿ ಮತ್ತು ಮಾರ್ಕ್ ಆ್ಯಡ್ಲರ್ 1995ರಲ್ಲಿ ಹೊರತಂದರು. ಉಚಿತ, ಲೈಸೆನ್ಸ್‌ನ ಕಟ್ಟುಪಾಡೂ ಕಡಿಮೆ. ಹಾಗಾಗಿ ಎಲ್ಲರೂ ತಗೊಂಡ್ರು. ಹೇಗೆ ತಗೊಂಡ್ರು ಅನ್ನೋದೇ ಇಲ್ಲಿಯ ತಕರಾರು.

ಒಂದು, ಸಿಸ್ಟಂನಲ್ಲಿರೋ ಒಂದೇ ಪ್ರತಿಯನ್ನು ಎಲ್ಲರೂ ಹಂಚಿಕೊಳ್ಳೋದು. ಊರಿಗೆಲ್ಲ ಒಂದೇ ನೀರಿನ ಟ್ಯಾಂಕ್ ಇದ್ದ ಹಾಗೆ. ಇನ್ನೊಂದು, ಲೈಬ್ರರಿಯನ್ನೇ ತಮ್ಮ ಸಾಫ್ಟ್‌ವೇರ್ ಒಳಗೆ ಸೇರಿಸಿ ಕೊಡೋದು, ಮನೆಗೊಂದು ಬಾವಿ ತೋಡಿದ ಹಾಗೆ. ಬಾವಿ ತೋಡೋರನ್ನು ಸೋಮಾರಿಗಳು ಅನ್ನೋಕಾಗಲ್ಲ. ಸಿಸ್ಟಂ ಪ್ರತಿ ಬದಲಾದ್ರೆ ನಿಮ್ಮ ಪ್ರೋಗ್ರಾಂ ಕೆಡಬಹುದು. ವಿಂಡೋಸ್‌ನಲ್ಲಿ ಈ ಪೀಡೆಗೆ ‘ಡಿಎಲ್‌ಎಲ್ ಹೆಲ್’ ಅಂತಲೇ ಹೆಸರಿತ್ತು.

ದೋಷ ಸಿಕ್ಕಿದ್ದು ಹೀಗೆ. ಮಥಿಯಾಸ್ ಕ್ಲಾಸೆನ್ ಅನ್ನೋರು ಚಿತ್ರ ತೆರೆಯೋ ಒಂದು ಲೈಬ್ರರಿಯನ್ನು ಪರೀಕ್ಷಿಸೋಕೆ ಬೇಕಂತಲೇ ಕೆಟ್ಟ ಪಿಎನ್‌ಜಿ ಫೈಲ್ ಒಂದನ್ನು ಮಾಡಿದ್ರು. ಪ್ರೋಗ್ರಾಂ ಬಿದ್ದುಹೋಯ್ತು. ಬೇರು ಹುಡುಕಿದ್ರೆ ಜೆಡ್‌ಲಿಬ್ 1.1.3. ಒಂದೇ ಮೆಮೊರಿ ತುಂಡನ್ನು ಎರಡು ಸಲ ಹಿಂದಿರುಗಿಸ್ತಿತ್ತು. ಲಾಡ್ಜ್ ರೂಮನ್ನು ನೀವು ಖಾಲಿ ಮಾಡಿದ್ದೀರಿ, ಅದು ಬೇರೆಯವರಿಗೆ ಹೋಗಿದೆ, ಆಗ ಮತ್ತೊಮ್ಮೆ ‘ಖಾಲಿ ಮಾಡಿದೆ’ ಅಂತ ಬರೆಸಿದ್ರೆ? ಲೆಕ್ಕ ಕೆಡುತ್ತೆ. ಆ ಗೊಂದಲದಲ್ಲಿ ದಾಳಿಕೋರನಿಗೆ ಒಳಗೆ ನುಗ್ಗೋ ಅವಕಾಶ ಸಿಗಬಹುದಿತ್ತು. 1.1.4ರಲ್ಲಿ ಸರಿಪಡಿಸಿದ್ರು. ಮಾರ್ಚ್ 12ರಂದು ಅಮೆರಿಕದ ಸರ್ಟ್ ಎಚ್ಚರಿಕೆ ಹೊರಡಿಸಿತು.

ಟ್ಯಾಂಕ್ ತೊಳೆದಾಯ್ತು. ಆದ್ರೆ ಬಾವಿಗಳು? ಲಿನಕ್ಸ್ ಕರ್ನಲ್ ಒಳಗೇ ಒಂದು ಪ್ರತಿ ಇತ್ತು. ಸಿವಿಎಸ್‌ನಲ್ಲಿ ಇನ್ನೊಂದು. ಆರ್‌ಸಿಂಕ್‌ನವರು ತಮ್ಮ ಪ್ರತಿಯನ್ನು ತಮಗೆ ಬೇಕಾದ ಹಾಗೆ ತಿದ್ದಿಕೊಂಡಿದ್ರು, ಅದನ್ನು ತೆಗೆದು ಸಿಸ್ಟಂ ಪ್ರತಿಯನ್ನು ಹಾಗೇ ಕೂರಿಸೋಕೂ ಆಗ್ತಿರಲಿಲ್ಲ. ಮೂಲ ಕೋಡ್ ಸಿಗದ ಪ್ರೋಗ್ರಾಂಗಳ ಕಥೆ ಬಿಡಿ.

ಮರುದಿನ ನನಗೆ ಇದು ಗೊತ್ತಾಗಿ ಬೆವರು ಬಂತು. ಕೈಹಿಡಿದದ್ದು ಒಂದೇ ಸಾಲು. ಆ್ಯಡ್ಲರ್ ತಮ್ಮ ಕೋಡ್‌ನಲ್ಲಿ ಸಣ್ಣ ಕೋರಿಕೆ ಬರೆದಿದ್ರು: ಕೈಪಿಡಿಯಲ್ಲಿ ನಮ್ಮ ಹೆಸರು ಹೇಳೋಕಾಗದಿದ್ರೆ, ಈ ಕಾಪಿರೈಟ್ ಸಾಲನ್ನಾದ್ರೂ ಪ್ರೋಗ್ರಾಂನಲ್ಲಿ ಉಳಿಸಿ ಅಂತ. ‘ಇನ್‌ಫ್ಲೇಟ್’ ಅನ್ನೋ ಪದ, ಆವೃತ್ತಿ ಸಂಖ್ಯೆ, ವರ್ಷ, ಅವರ ಹೆಸರು, ಅಷ್ಟೇ. ಫೈಲ್‌ನಲ್ಲಿರೋ ಅಕ್ಷರಗಳನ್ನು ಹೆಕ್ಕಿ ತೋರಿಸೋ ‘ಸ್ಟ್ರಿಂಗ್ಸ್’ ಆದೇಶ ಓಡಿಸಿ ಆ ಸಾಲನ್ನು ಹುಡುಕಿದೆ. ಮೊದಲ ಸರ್ವರ್‌ನಲ್ಲೇ ಐದು ಕಡೆ 1.1.3 ಸಿಕ್ಕಿತು. ಹೆಸರು ಉಳಿಸಿ ಅನ್ನೋ ಕೋರಿಕೆ ಇಲ್ಲದಿದ್ರೆ ನನಗೆ ಹುಡುಕೋಕೆ ಹಿಡಿಯೇ ಇರ್ತಿರಲಿಲ್ಲ.

ಜಗತ್ತು ಕಲೀತಾ? ಫೆಡೋರಾ ವರ್ಷಗಟ್ಟಲೆ ಬಾವಿಗಳನ್ನು ಬಹುಮಟ್ಟಿಗೆ ನಿಷೇಧಿಸಿತ್ತು, 2015ರಲ್ಲಿ ಸಡಿಲಿಸಿತು. ಒಳಗೆ ಏನಿದೆ ಅಂತ ಪ್ಯಾಕೇಜ್ ಮೇಲೆ ನಮೂದಿಸಬೇಕು ಅನ್ನೋದು ಹೊಸ ನಿಯಮ. ನನಗೆ ಇದು ಸೋಲು ಅನ್ನಿಸಲ್ಲ, ಲೆಕ್ಕ ಇಟ್ಟರೆ ಸಾಕು. 2023ರ ಸೆಪ್ಟೆಂಬರ್‌ನಲ್ಲಿ ಚಿತ್ರಗಳ ಲೈಬ್ರರಿ ಲಿಬ್‌ವೆಬ್‌ಪಿಯಲ್ಲಿ ದೋಷ ಕಂಡಾಗ ಮೊದಲು ಅದು ಬರೀ ಕ್ರೋಮ್‌ನ ಸಮಸ್ಯೆ ಅಂದುಕೊಂಡ್ರು. ಎಲೆಕ್ಟ್ರಾನ್ ಮೇಲೆ ಕಟ್ಟಿದ ಪ್ರತಿ ಆ್ಯಪ್ ಒಳಗೂ ಅದೇ ಇತ್ತು, ಪ್ರತಿಯೊಂದಕ್ಕೂ ಬೇರೆ ಬೇರೆ ಅಪ್‌ಡೇಟ್ ಬೇಕಾಯ್ತು.

ಟ್ಯಾಂಕ್‌ಗೇ ವಿಷ ಬಿದ್ರೆ? 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್‌ನಲ್ಲಿ ಅದೂ ಆಯ್ತು, ಇನ್ನೊಂದು ಸಂಚಿಕೆಗೆ ಸಾಕಾಗುವಷ್ಟು ಕಥೆ ಅದು.

ಆ್ಯಡ್ಲರ್ ಅವರ ಸಾಲು ಇವತ್ತಿಗೂ ಜೆಡ್‌ಲಿಬ್‌ನಲ್ಲಿದೆ, ಆವೃತ್ತಿ ಮತ್ತು ವರ್ಷ ಮಾತ್ರ ಬದಲಾಗುತ್ತೆ. ನಿಮ್ಮ ಲಿನಕ್ಸ್ ಯಂತ್ರದಲ್ಲಿ ಒಮ್ಮೆ ಹುಡುಕಿ ನೋಡಿ. ಎಷ್ಟು ಪ್ರತಿ ಸಿಕ್ಕವು, ಎಷ್ಟು ಹಳೇವು ಅಂತ ನಮಗೆ ಬರೆದು ತಿಳಿಸಿ.